ಒಂದು ತಾರೀಖಿನ ಹಲಗೆ ಬರೆಯುವುದು ಹೇಗೆ? ಸೆಪ್ಟೆಂಬರ್ 15ನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಬಡಾವಣೆಯ ಗ್ರಂಥಾಲಯದ ಬಾಗಿಲ ಪಕ್ಕ ಒಂದು ಕಪ್ಪು ಹಲಗೆ ಇದೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅದರ ಮೇಲೆ ‘ಇತಿಹಾಸದಲ್ಲಿ ಈ ದಿನ’ ಬರೆಯುವುದು ನನ್ನ ಪಾಲಿನ ಕೆಲಸ. ಶುರುವಿನ ವರ್ಷಗಳಲ್ಲಿ ಮೊಬೈಲಿಗೆ ಬಂದ ಪಟ್ಟಿಯನ್ನು ಹಾಗೆಯೇ ನಕಲು ಮಾಡುತ್ತಿದ್ದೆ. ಒಂದು ಸೆಪ್ಟೆಂಬರ್ 15ರಂದು ‘ಸರ್ ಎಂ. ವಿಶ್ವೇಶ್ವರಯ್ಯ ಜನನ, 1860’ ಎಂದು ಬರೆದು ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಚೀಲದಿಂದ ಪುಸ್ತಕ ತೆಗೆದು ತೋರಿಸಿದಳು: “ಸರ್, ಇದರಲ್ಲಿ 1861 ಅಂತ ಇದೆ. ಯಾವುದು ಸರಿ?” ನನ್ನ ಬಳಿ ಉತ್ತರ ಇರಲಿಲ್ಲ. ಎರಡೂ ಕಡೆ ಅಚ್ಚಾದದ್ದನ್ನು ನಾನು ನೋಡಿದ್ದೆ. ಒಂದನ್ನು ಏಕೆ ಆರಿಸಿದೆ ಎಂದು ಮಾತ್ರ ನನಗೇ ಗೊತ್ತಿರಲಿಲ್ಲ.

ಆ ಪ್ರಶ್ನೆಯಿಂದ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಪ್ರಾರ್ಥನಾ ಸಭೆಗೆ, ಸಂಘದ ಗೋಡೆಪತ್ರಿಕೆಗೆ, ಪತ್ರಿಕೆಯ ದಿನವಿಶೇಷದ ಅಂಕಣಕ್ಕೆ ಈ ಕೆಲಸ ಮಾಡುವವರು ಬಹಳ ಮಂದಿ ಇದ್ದಾರೆ. ಹತ್ತು ಸಾಲು ನಕಲು ಮಾಡಲು ಹತ್ತು ನಿಮಿಷ ಸಾಕು. ನಾಲ್ಕು ಸಾಲನ್ನು ಸರಿಯಾಗಿ ಬರೆಯಲು ಒಂದು ಸಂಜೆ ಬೇಕು. ಆ ಸಂಜೆಯನ್ನು ಹೇಗೆ ಬಳಸಬೇಕು ಎಂಬುದೇ ಈ ಮಾರ್ಗದರ್ಶಿ.

ಮೊದಲು ಕಾರ್ಡ್‌ಗಳು

ನೋಟ್‌ಬುಕ್ ಬೇಡ. ಒಂದೊಂದು ಘಟನೆಗೆ ಒಂದೊಂದು ರಟ್ಟಿನ ಕಾರ್ಡ್ ಇರಲಿ. ಪುಟಕ್ಕೆ ಪುಟ ಬರೆದುಕೊಂಡರೆ ತಪ್ಪು ಸಿಕ್ಕಾಗ ಹೊಡೆದು ಹಾಕಬೇಕಾಗುತ್ತದೆ, ಹೊಸದು ಸಿಕ್ಕಾಗ ಜಾಗ ಇರುವುದಿಲ್ಲ. ಕಾರ್ಡಿನ ಮೇಲ್ತುದಿಯಲ್ಲಿ ತಿಂಗಳು ಮತ್ತು ದಿನ, ಕೆಳಗೆ ವರ್ಷ, ಊರು, ಏನಾಯಿತು ಎಂಬ ಒಂದೇ ವಾಕ್ಯ. ಬಲತುದಿಯಲ್ಲಿ ವಾರದ ಹೆಸರು. ಹಿಂಬದಿಯಲ್ಲಿ ಈ ಮಾತು ಎಲ್ಲಿ ಸಿಕ್ಕಿತು, ಎರಡನೆಯ ಸಾಕ್ಷಿ ಯಾವುದು ಎಂದು ಬರೆಯಿರಿ. ಎರಡನೆಯ ಸಾಕ್ಷಿ ಸಿಗುವ ತನಕ ಪೆನ್ಸಿಲಿನಲ್ಲಿ, ಸಿಕ್ಕ ಮೇಲೆ ಪೆನ್ನಿನಲ್ಲಿ. ಕಂಪ್ಯೂಟರಿನಲ್ಲಿ ಇಡುವವರು ಸಾಕ್ಷಿಗೆಂದೇ ಒಂದು ಅಂಕಣ ಬಿಡಲಿ.

ವಾರದ ಹೆಸರು ಅನಗತ್ಯ ಎನಿಸಬಹುದು. ಅದರ ಬೆಲೆ ಮುಂದೆ ತಿಳಿಯುತ್ತದೆ.

ಹುಡುಕುವುದು

ಅಂತರಜಾಲದಲ್ಲಿ ಹುಡುಕುವಾಗ ಕನ್ನಡದ ಎರಡು ತೊಡಕುಗಳನ್ನು ನೆನಪಿಡಿ. ‘ಸೆಪ್ಟೆಂಬರ್’ ಎಂದೂ ‘ಸಪ್ಟೆಂಬರ್’ ಎಂದೂ ಬರೆಯುವವರಿದ್ದಾರೆ. 15 ಎಂದೂ ೧೫ ಎಂದೂ ಇರುತ್ತದೆ. ನಾಲ್ಕು ಬಗೆಯಲ್ಲೂ ಹುಡುಕಿ. ವಿಕಿಪೀಡಿಯದ ದಿನಾಂಕದ ಪುಟಗಳು ದಾರಿ ತೋರಿಸುತ್ತವೆ, ಸಾಕ್ಷಿ ಹೇಳುವುದಿಲ್ಲ. ಅಲ್ಲಿ ಕಂಡ ಹೆಸರನ್ನು ಹಿಡಿದು ಆ ವ್ಯಕ್ತಿಯ ಜೀವನಚರಿತ್ರೆಗೆ, ಆ ದಿನದ ಅಥವಾ ಮರುದಿನದ ಪತ್ರಿಕೆಗೆ, ಸರ್ಕಾರಿ ಗೆಜೆಟ್‌ಗೆ ಹೋಗಬೇಕು. ಮೈಸೂರು ಸಂಸ್ಥಾನದ ಕಾಲದ ವಿಷಯವಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇದೆ. ಶಾಸನಗಳಿಗೆ ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಿವೆ.

ಸೆಪ್ಟೆಂಬರ್ 15ಕ್ಕೆ ನನ್ನ ಪೆಟ್ಟಿಗೆಯಲ್ಲಿ ಹೀಗೆ ಸೇರಿದವು ಬಹಳ. 1821ರಲ್ಲಿ ಮಧ್ಯ ಅಮೆರಿಕದ ಪ್ರಾಂತ್ಯಗಳು ಸ್ಪೇನಿನಿಂದ ಬಿಡುಗಡೆ ಸಾರಿದ್ದು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗದ ಉದ್ಘಾಟನೆ. 1835ರಲ್ಲಿ ಡಾರ್ವಿನ್ ಇದ್ದ ಬೀಗಲ್ ಹಡಗು ಗಾಲಪಗೋಸ್ ತಲುಪಿದ್ದು. 1859ರಲ್ಲಿ ಎಂಜಿನಿಯರ್ ಇಸಂಬಾರ್ಡ್ ಬ್ರೂನೆಲ್ ನಿಧನ. 1876ರಲ್ಲಿ ಶರತ್‌ಚಂದ್ರ ಚಟ್ಟೋಪಾಧ್ಯಾಯ, 1890ರಲ್ಲಿ ಅಗಾಥಾ ಕ್ರಿಸ್ಟಿ, 1909ರಲ್ಲಿ ಸಿ.ಎನ್. ಅಣ್ಣಾದೊರೈ ಜನನ. 1916ರಲ್ಲಿ ಸೊಮ್ ಕದನದಲ್ಲಿ ಟ್ಯಾಂಕುಗಳು ಮೊದಲ ಬಾರಿ ಯುದ್ಧಕ್ಕಿಳಿದದ್ದು. 1950ರಲ್ಲಿ ಕೊರಿಯಾದ ಇಂಚಾನ್‌ನಲ್ಲಿ ಸೇನೆ ಇಳಿದದ್ದು. 1959ರಲ್ಲಿ ದೆಹಲಿಯಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ. 1963ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ಕಪ್ಪು ಜನರ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಬಾಲಕಿಯರು ಸತ್ತದ್ದು. 2008ರಲ್ಲಿ ಅಮೆರಿಕದ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿದ್ದು. ಜೊತೆಗೆ ವಿಶ್ವೇಶ್ವರಯ್ಯನವರು.

ಇಷ್ಟನ್ನೂ ಹಲಗೆಗೆ ತುಂಬಬಾರದು. ಆದರೆ ಪೆಟ್ಟಿಗೆಯಲ್ಲಿ ಇಷ್ಟು ಇದ್ದರೇನೇ ಆರಿಸಲು ಬರುತ್ತದೆ.

ಕ್ರಿಯಾಪದವನ್ನು ತೂಗಿ ನೋಡುವುದು

ತಾರೀಖಿನ ತಪ್ಪುಗಳಲ್ಲಿ ಅರ್ಧದಷ್ಟು ವಾಸ್ತವವಾಗಿ ಕ್ರಿಯಾಪದದ ತಪ್ಪುಗಳು. ‘ಡಾರ್ವಿನ್ ಗಾಲಪಗೋಸ್ ದ್ವೀಪಕ್ಕೆ ಕಾಲಿಟ್ಟರು’ ಎಂದು ಒಂದು ವರ್ಷ ಬರೆದಿದ್ದೆ. ಆ ದಿನ ಹಡಗು ದ್ವೀಪಗಳನ್ನು ತಲುಪಿತ್ತು, ಅಷ್ಟೇ. ಅವರು ನೆಲಕ್ಕೆ ಇಳಿದದ್ದು ಅನಂತರ. ‘ತಲುಪಿತು’ ಎಂದರೆ ಸರಿ, ‘ಕಾಲಿಟ್ಟರು’ ಎಂದರೆ ತಪ್ಪು. ದೂರದರ್ಶನದ ವಿಷಯದಲ್ಲೂ ಹೀಗೆಯೇ. 1959ರ ಆ ಮಂಗಳವಾರ ದೆಹಲಿಯಲ್ಲಿ ನಡೆದದ್ದು ಪುಟ್ಟ ಪ್ರಾಯೋಗಿಕ ಪ್ರಸಾರ. ‘ಭಾರತದಾದ್ಯಂತ ಟಿ.ವಿ. ಆರಂಭ’ ಎಂದು ಬರೆದರೆ, 1970ರ ದಶಕದವರೆಗೂ ಟಿ.ವಿ. ಕಾಣದಿದ್ದ ನಮ್ಮ ಊರುಗಳ ಹಿರಿಯರು ಒಪ್ಪುವುದಿಲ್ಲ.

ಮಧ್ಯ ಅಮೆರಿಕದ ಕಾರ್ಡಿನಲ್ಲಿ ಇನ್ನೊಂದು ಪಾಠವಿದೆ. ಬಿಡುಗಡೆಯ ಘೋಷಣೆಗೆ ಸಹಿ ಬಿದ್ದದ್ದು ಗ್ವಾಟೆಮಾಲ ನಗರದಲ್ಲಿ. ಆ ಸುದ್ದಿ ಕೋಸ್ಟರಿಕಕ್ಕೆ ಮುಟ್ಟುವಾಗ ಅಕ್ಟೋಬರ್ ಆಗಿತ್ತು. ಆದರೂ ಆ ದೇಶ ಆಚರಿಸುವುದು ಸೆಪ್ಟೆಂಬರ್ 15ನ್ನೇ. ಸಹಿಯ ದಿನ, ಸುದ್ದಿ ಮುಟ್ಟಿದ ದಿನ, ಆಚರಣೆಯ ದಿನ: ಮೂರೂ ಬೇರೆ ಬೇರೆ ಇರಬಹುದು. ನಿಮ್ಮ ವಾಕ್ಯ ಇವುಗಳಲ್ಲಿ ಯಾವುದರ ಬಗ್ಗೆ ಎಂದು ಕಾರ್ಡಿನಲ್ಲೇ ಗುರುತು ಹಾಕಿಕೊಳ್ಳಿ.

ಯಾವ ಪಂಚಾಂಗದ ತಾರೀಖು?

ಇಲ್ಲಿ ನಿಧಾನಿಸಬೇಕು. ನಾವೀಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ ಹುಟ್ಟಿದ್ದು 1582ರಲ್ಲಿ. ಅದನ್ನು ಕೂಡಲೇ ಒಪ್ಪಿದ ಇಟಲಿ, ಸ್ಪೇನ್ ಮೊದಲಾದ ಕಡೆ ಅಕ್ಟೋಬರ್ 4ರ ಮರುದಿನ 15 ಬಂತು. ಇಂಗ್ಲೆಂಡ್ ಒಪ್ಪಿದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2, ಬುಧವಾರ. ಮರುದಿನ ಸೆಪ್ಟೆಂಬರ್ 14, ಗುರುವಾರ. ನಡುವಿನ ಹನ್ನೊಂದು ತಾರೀಖುಗಳು ಆ ವರ್ಷ ಇಂಗ್ಲಿಷರಿಗೆ ಇರಲೇ ಇಲ್ಲ. ಆ ಕಾನೂನು ಏಷ್ಯಾದ ಇಂಗ್ಲಿಷ್ ಆಡಳಿತಕ್ಕೂ ಅನ್ವಯವಾಗುತ್ತಿತ್ತು. ಹಾಗಾಗಿ ಮದರಾಸು, ಬೊಂಬಾಯಿಗಳ ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳಲ್ಲಿ ಅದಕ್ಕೂ ಹಿಂದಿನ ತಾರೀಖು ಕಂಡರೆ ಅದು ಹಳೆಯ, ಅಂದರೆ ಜೂಲಿಯನ್ ಲೆಕ್ಕದ್ದು.

ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ 1616ರ ಏಪ್ರಿಲ್ 23ರಂದು ಒಂದೇ ದಿನ ತೀರಿಕೊಂಡರು ಎಂದು ಬಹಳ ಕಡೆ ಓದುತ್ತೇವೆ. ಇಂಗ್ಲೆಂಡಿನದು ಹಳೆಯ ಲೆಕ್ಕ, ಸ್ಪೇನಿನದು ಹೊಸತು. ಶೇಕ್ಸ್‌ಪಿಯರ್ ಸತ್ತ ದಿನ ಸ್ಪೇನಿನ ಗೋಡೆಯ ಮೇಲೆ ಮೇ 3 ಇತ್ತು. ಸಾಲದ್ದಕ್ಕೆ ಸರ್ವಾಂಟಿಸ್ ತೀರಿಕೊಂಡದ್ದು 22ರಂದು, 23 ಅಂತ್ಯಕ್ರಿಯೆಯ ದಿನ ಎಂದು ವಿದ್ವಾಂಸರು ಹೇಳುತ್ತಾರೆ. ಒಂದೇ ತಾರೀಖು ಎನ್ನುವುದೂ ಒಂದೇ ದಿನ ಎನ್ನುವುದೂ ಬೇರೆ ಮಾತು. ರಷ್ಯಾ ಹೊಸ ಲೆಕ್ಕಕ್ಕೆ ಬಂದದ್ದು 1918ರ ಫೆಬ್ರವರಿಯಲ್ಲಿ. ಅಕ್ಟೋಬರ್ ಕ್ರಾಂತಿಯನ್ನು ನವೆಂಬರ್ 7ರಂದು ಆಚರಿಸುವುದು ಇದರಿಂದಲೇ.

ನಮ್ಮ ಶಾಸನಗಳಿಗೆ ಬಂದರೆ ಲೆಕ್ಕ ಇನ್ನೂ ಸೊಗಸು. ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಶಾಸನ ಕೃಷ್ಣದೇವರಾಯನ ಸಾವಿನ ದಿನವನ್ನು ದಾಖಲಿಸುತ್ತದೆ: ಶಕವರ್ಷ 1451, ವಿರೋಧಿ ಸಂವತ್ಸರ, ಕಾರ್ತಿಕ ಶುದ್ಧ 15, ಚಂದ್ರಗ್ರಹಣ. ಶಾಸನತಜ್ಞರು ಕೊಡುವ ಸಮಾನ ತಾರೀಖು 1529ರ ಅಕ್ಟೋಬರ್ 17, ಭಾನುವಾರ. ಇದನ್ನು ನೀವೇ ಪರೀಕ್ಷಿಸಬಹುದು. ಶಕವರ್ಷಕ್ಕೆ 78 ಕೂಡಿಸಿ: 1529. (ಪುಷ್ಯ, ಮಾಘ, ಫಾಲ್ಗುಣಗಳಲ್ಲಿ ಇಂಗ್ಲಿಷ್ ಹೊಸವರ್ಷ ದಾಟಿದ ದಿನವಾದರೆ 79 ಕೂಡಿಸಬೇಕು.) ಸಂವತ್ಸರಗಳ ಅರವತ್ತರ ಚಕ್ರದಲ್ಲಿ ವಿರೋಧಿ ಇಪ್ಪತ್ತಮೂರನೆಯದು. 1987ರ ಯುಗಾದಿಗೆ ಪ್ರಭವ ಬಂದಿತ್ತು. ಅಲ್ಲಿಂದ ಅರವತ್ತರಂತೆ ಹಿಂದೆ ಹೋದರೆ 1507 ಪ್ರಭವ, ಅದಕ್ಕೆ 22 ಕೂಡಿಸಿದರೆ 1529 ವಿರೋಧಿ. ಸರಿಹೊಂದಿತು. ಶುದ್ಧ 15 ಎಂದರೆ ಹುಣ್ಣಿಮೆ, ಚಂದ್ರಗ್ರಹಣಕ್ಕೆ ಹುಣ್ಣಿಮೆಯೇ ಬೇಕು. ಅದೂ ಹೊಂದಿತು.

ಉಳಿದದ್ದು ವಾರ. 1529ರ ಅಕ್ಟೋಬರ್ 17 ಯಾವ ವಾರ ಎಂದು, ಗ್ರೆಗೋರಿಯನ್ ಲೆಕ್ಕವನ್ನೇ ಹಿಂದಕ್ಕೆ ಎಳೆಯುವ ಕಂಪ್ಯೂಟರ್ ಸೂತ್ರವನ್ನು ಕೇಳಿದರೆ ಗುರುವಾರ ಎನ್ನುತ್ತದೆ. ಗಾಬರಿಯಾಗಿ ಶಾಸನತಜ್ಞರ ಲೆಕ್ಕವನ್ನು ತಪ್ಪು ಎನ್ನಬೇಡಿ. 1582ಕ್ಕೂ ಹಿಂದಿನ ಘಟನೆಗಳಿಗೆ ಇತಿಹಾಸಕಾರರು ಬಳಸುವುದು ಜೂಲಿಯನ್ ತಾರೀಖನ್ನು. ಆ ಲೆಕ್ಕದಲ್ಲಿ ಅದು ಭಾನುವಾರವೇ. ಕಾರ್ಡಿನ ಬಲತುದಿಯಲ್ಲಿ ವಾರ ಬರೆಯಿರಿ ಎಂದದ್ದು ಇದಕ್ಕೇ. ತಾರೀಖು ಕೈಬರಹದಲ್ಲಿ, ಅಚ್ಚಿನಲ್ಲಿ, ಪರಿವರ್ತನೆಯಲ್ಲಿ ಎಲ್ಲಿ ಬೇಕಾದರೂ ಜಾರಬಹುದು. ವಾರ ಸಾಮಾನ್ಯವಾಗಿ ಜನರ ಬಾಯಲ್ಲಿ ಉಳಿದಿರುತ್ತದೆ.

ಒಂದು ವಿನಂತಿ. ಬಸವ ಜಯಂತಿ, ಕನಕ ಜಯಂತಿ, ಪುರಂದರದಾಸರ ಆರಾಧನೆಗಳಂಥವನ್ನು ಇಂಗ್ಲಿಷ್ ತಾರೀಖಿಗೆ ಕಟ್ಟಿಹಾಕಬೇಡಿ. ಅವು ತಿಥಿಯ ಮೇಲೆ ನಡೆಯುವ ದಿನಗಳು, ವರ್ಷದಿಂದ ವರ್ಷಕ್ಕೆ ಸರಿಯುತ್ತವೆ. ಅವಕ್ಕೆ ಬೇರೆಯೇ ಒಂದು ಪೆಟ್ಟಿಗೆ ಇರಲಿ. ಚೈತ್ರದಿಂದ ಫಾಲ್ಗುಣದವರೆಗೆ ಹನ್ನೆರಡು ವಿಭಾಗ.

ಹುಟ್ಟಿದ ದಿನಗಳು

ಸಾವಿಗೆ ಸಾಕ್ಷಿ ಹೆಚ್ಚು, ಹುಟ್ಟಿಗೆ ಕಡಿಮೆ. ದೊಡ್ಡವರು ಸತ್ತಾಗ ಪತ್ರಿಕೆ ಬರೆಯುತ್ತದೆ. ಅವರು ಹುಟ್ಟಿದಾಗ ದೊಡ್ಡವರಾಗಿರುವುದಿಲ್ಲ. ನಮ್ಮ ಕಡೆಯ ಹಿಂದಿನ ತಲೆಮಾರುಗಳಲ್ಲಿ ಶಾಲೆಗೆ ಸೇರಿಸುವ ದಿನ ಮೇಷ್ಟರು ಅಂದಾಜಿನಿಂದ ಒಂದು ತಾರೀಖು ಬರೆದು, ಅದೇ ಜೀವನದುದ್ದಕ್ಕೂ ಹುಟ್ಟಿದ ದಿನವಾದದ್ದು ಮನೆಮನೆಯ ಕಥೆ. ಒಬ್ಬ ಲೇಖಕರ ಜನ್ಮದಿನ ಜೂನ್ 1 ಎಂದು ಕಂಡರೆ ಒಮ್ಮೆ ಅನುಮಾನಿಸಿ, ಮನೆಯವರು ಇಟ್ಟ ಜಾತಕ ಏನು ಹೇಳುತ್ತದೆ ಎಂದು ವಿಚಾರಿಸಿ.

ಜಾತಕ ಓದುವಾಗ ಇನ್ನೊಂದು ಎಚ್ಚರ: ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರು. ಭಾನುವಾರ ರಾತ್ರಿ ಮಲಗಿ, ಬೆಳಗಿನ ಜಾವ ಮೂರಕ್ಕೆ ಮಗು ಹುಟ್ಟಿದರೆ ಜಾತಕದಲ್ಲಿ ಅದು ಭಾನುವಾರವೇ, ಆಸ್ಪತ್ರೆಯ ಚೀಟಿಯಲ್ಲಿ ಸೋಮವಾರ. ಎರಡೂ ಸರಿ. ಒಂದು ದಿನದ ವ್ಯತ್ಯಾಸ ಕಂಡಾಗ ಮೊದಲು ಹುಟ್ಟಿದ ಗಳಿಗೆ ಕೇಳಿ.

ಈಗ ಆ ಹುಡುಗಿಯ ಪ್ರಶ್ನೆ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ತಿಂಗಳು ಮತ್ತು ದಿನದ ಬಗ್ಗೆ ಸಾಮಾನ್ಯವಾಗಿ ತಕರಾರಿಲ್ಲ. ವರ್ಷ ಮಾತ್ರ ಕೆಲವು ಪುಸ್ತಕಗಳಲ್ಲಿ 1860, ಕೆಲವದರಲ್ಲಿ 1861. 1960ರ ಸೆಪ್ಟೆಂಬರ್ 15ರಂದು, ಅವರು ಇನ್ನೂ ಬದುಕಿದ್ದಾಗಲೇ, ಅವರ ಚಿತ್ರವಿರುವ ಅಂಚೆಚೀಟಿ ಹೊರಬಂತು. ಶತಮಾನೋತ್ಸವವೂ ಆ ವರ್ಷವೇ ನಡೆಯಿತು. ಆಗಿನವರು 1860 ಎಂದು ಎಣಿಸಿದ್ದರು ಎಂಬುದಕ್ಕೆ ಇದು ಸಾಕ್ಷಿ. ಆದರೆ ನೂರನೆಯ ವರ್ಷಕ್ಕೆ ಕಾಲಿಡುವುದನ್ನೂ ನೂರು ತುಂಬುವುದನ್ನೂ ನಾವು ಒಂದೇ ಹೆಸರಿನಿಂದ ಕರೆಯುವುದುಂಟು. ಆದ್ದರಿಂದ ಈ ಸಾಕ್ಷಿ ಪ್ರಶ್ನೆಯನ್ನು ಪೂರ್ತಿ ಮುಗಿಸುವುದಿಲ್ಲ. ಇಂಥ ಕಡೆ ಸಂವತ್ಸರದ ಹೆಸರು ಬಹಳ ಉಪಯೋಗಕ್ಕೆ ಬರುತ್ತದೆ. 1860ರ ಸೆಪ್ಟೆಂಬರ್ ರೌದ್ರಿ ಸಂವತ್ಸರ, 1861ರದು ದುರ್ಮತಿ. 1860ರ ಸೆಪ್ಟೆಂಬರ್ 15 ಶನಿವಾರ, 1861ರದು ಭಾನುವಾರ. ಯಾವ ಹಳೆಯ ಕಾಗದದಲ್ಲಾದರೂ ಸಂವತ್ಸರವೋ ವಾರವೋ ಕಂಡರೆ ಒಂದು ಕಡೆ ತೂಕ ಬೀಳುತ್ತದೆ. ಅಲ್ಲಿಯವರೆಗೆ ಹಲಗೆಯ ಮೇಲೆ ನಾನು ಬರೆಯುವುದು ‘1861 (ಕೆಲವು ದಾಖಲೆಗಳಲ್ಲಿ 1860)’.

ಇಲ್ಲಿ ನನಗೆ ಒಂದು ಆಸೆ ಹುಟ್ಟಿತ್ತು, ಅದನ್ನು ಹೇಳಲೇಬೇಕು. ಬ್ರೂನೆಲ್ ತೀರಿಕೊಂಡದ್ದು 1859ರ ಸೆಪ್ಟೆಂಬರ್ 15. ವಿಶ್ವೇಶ್ವರಯ್ಯ ಹುಟ್ಟಿದ್ದು 1860 ಎಂದಾದರೆ, ಒಬ್ಬ ಮಹಾ ಎಂಜಿನಿಯರ್ ಕಣ್ಮುಚ್ಚಿದ ಸರಿಯಾಗಿ ಒಂದು ವರ್ಷಕ್ಕೆ ಮತ್ತೊಬ್ಬರು ಕಣ್ತೆರೆದರು ಎಂದು ಬರೆಯಬಹುದು. ಎಷ್ಟು ಚೆಂದದ ಸಾಲು! ಸಾಲು ಚೆಂದ ಕೂಡುತ್ತದೆ ಎಂಬ ಕಾರಣಕ್ಕೆ ವರ್ಷವನ್ನು ಆರಿಸಬಾರದು. ದಿನವಿಶೇಷ ಬರೆಯುವವರು ದಿನವೂ ಎದುರಿಸುವ ಸೆಳೆತ ಇದು. ಕಾಕತಾಳೀಯ ಎಷ್ಟು ಅಚ್ಚುಕಟ್ಟಾಗಿ ಕಾಣುತ್ತದೋ ಅಷ್ಟು ಹೆಚ್ಚು ಸಾಕ್ಷಿ ಕೇಳಿ.

ಗಡಿಯಾರ

ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಹೆಜ್ಜೆಯಿಟ್ಟಾಗ ಅಮೆರಿಕದಲ್ಲಿ 1969ರ ಜುಲೈ 20ರ ರಾತ್ರಿ, ನಮ್ಮಲ್ಲಿ 21ರ ಬೆಳಿಗ್ಗೆ ಎಂಟೂವರೆಯ ಹೊತ್ತು. ಘಟನೆ ನಡೆದ ಜಾಗದ ತಾರೀಖನ್ನು ಬರೆಯುವುದು ವಾಡಿಕೆ. ಚಂದ್ರನಂಥ ಜಾಗವಾದರೆ ಯಾವ ಲೆಕ್ಕ ಎಂದು ಒಂದು ಮಾತು ಸೇರಿಸಿದರೆ ಸಾಕು.

ಆಯ್ಕೆ, ಮತ್ತು ಒಂದು ಎಳೆ

ಕಾರ್ಡ್‌ಗಳನ್ನು ಮೇಜಿನ ಮೇಲೆ ಹರಡಿ. ಹೆಚ್ಚೆಂದರೆ ಐದು ಉಳಿಸಿಕೊಳ್ಳಿ. ಪ್ರಸಿದ್ಧಿಯನ್ನು ನೋಡಿ ಆರಿಸಿದರೆ ಪ್ರತಿ ಪಟ್ಟಿಯೂ ಒಂದೇ ತರಹ ಆಗುತ್ತದೆ. ನಾನು ಎಳೆ ಹುಡುಕುತ್ತೇನೆ. ಸೆಪ್ಟೆಂಬರ್ 15ರಲ್ಲಿ ಅದು ಕಣ್ಣಿಗೆ ರಾಚುವಂತಿದೆ: ಎಂಜಿನಿಯರ್‌ಗಳು. ಭಾರತದಲ್ಲಿ ಈ ದಿನ ಎಂಜಿನಿಯರ್‌ಗಳ ದಿನ. ಅದರ ಸುತ್ತ ಲಿವರ್‌ಪೂಲ್ ರೈಲು, ಬ್ರೂನೆಲ್ ತಾವಾಗಿ ಬಂದು ಸೇರುತ್ತಾರೆ. ಹಾಗೆಂದು ಎಳೆಗೆ ಸಿಗದದ್ದನ್ನೆಲ್ಲ ಬಿಡಬೇಕಿಲ್ಲ. ಬರ್ಮಿಂಗ್‌ಹ್ಯಾಮ್‌ನ ಬಾಲಕಿಯರ ಕಾರ್ಡನ್ನು ನಾನು ಯಾವ ವರ್ಷವೂ ಬಿಟ್ಟಿಲ್ಲ. ಅದನ್ನು ಕೊನೆಯಲ್ಲಿ, ಸ್ವಲ್ಪ ಜಾಗ ಬಿಟ್ಟು, ಒಂಟಿಯಾಗಿ ಬರೆಯುತ್ತೇನೆ. ಅದರ ಪಕ್ಕದಲ್ಲೇ ಚಿತ್ರತಾರೆಯ ಹುಟ್ಟುಹಬ್ಬ ಬರಬಾರದು.

ಶರತ್‌ಚಂದ್ರರನ್ನು ಕನ್ನಡಿಗರು ಅನುವಾದಗಳಲ್ಲಿ ತಲೆಮಾರುಗಳಿಂದ ಓದಿದ್ದಾರೆ. ಗ್ರಂಥಾಲಯದ ಹಲಗೆಯಾದ್ದರಿಂದ ಅವರಿಗೂ ಒಂದು ಸಾಲು, ಜೊತೆಗೆ ಅವರ ಪುಸ್ತಕ ಇರುವ ಕಪಾಟಿನ ಸಂಖ್ಯೆ. ಶಾಲೆಯ ಹಲಗೆಯಾದರೆ ಬೀಗಲ್ ಹಡಗು ಇರಲಿ. ಓದುವವರು ಯಾರು ಎಂಬುದೇ ಕೊನೆಯ ಜರಡಿ.

ಬರೆಯುವುದು

ಐದರಲ್ಲಿ ನಾಲ್ಕು ಒಂದೊಂದು ಸಾಲಿನಲ್ಲಿ ಮುಗಿಯಲಿ. ಒಂದನ್ನು ಮಾತ್ರ ಹತ್ತಿರದಿಂದ ತೋರಿಸಿ. ನಾನು ಬರೆದ ಒಂದು ಹೀಗಿತ್ತು:

‘1830, ಬುಧವಾರ. ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್‌ಗೆ ಮೊದಲ ಓಡಾಟ. ನಡುದಾರಿಯ ಪಾರ್ಕ್‌ಸೈಡ್‌ನಲ್ಲಿ ನೀರು ತುಂಬಲು ಗಾಡಿ ನಿಂತಿತು. ಇಳಿಯಬೇಡಿ ಎಂದಿದ್ದರೂ ಹಲವರು ಹಳಿಯ ಮೇಲೆ ಇಳಿದರು. ಸಂಸತ್ ಸದಸ್ಯ ವಿಲಿಯಂ ಹಸ್ಕಿಸನ್, ಮನಸ್ತಾಪವಿದ್ದ ಪ್ರಧಾನಿ ವೆಲಿಂಗ್ಟನ್ನರ ಕೈ ಕುಲುಕಲು ಅವರ ಬೋಗಿಯತ್ತ ನಡೆದರು. ಪಕ್ಕದ ಹಳಿಯ ಮೇಲೆ ‘ರಾಕೆಟ್’ ಎಂಜಿನ್ ಬರುತ್ತಿತ್ತು. ಅವರು ಬೋಗಿಯ ಬಾಗಿಲಿಗೆ ಜೋತುಬಿದ್ದರು. ಬಾಗಿಲು ಹೊರಕ್ಕೆ ತೆರೆದುಕೊಂಡಿತು. ರೈಲುಮಾರ್ಗದ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ತಾವೇ ಎಂಜಿನ್ ಓಡಿಸಿ ಗಾಯಾಳುವನ್ನು ಎಕಲ್ಸ್‌ಗೆ ಒಯ್ದರು. ಹಸ್ಕಿಸನ್ ಆ ರಾತ್ರಿ ತೀರಿಕೊಂಡರು.’

ಆ ದಿನ ಹಲಗೆಯ ಮುಂದೆ ನಿಂತು ಓದಿದವರು ಹೆಚ್ಚು. ‘ರೈಲುಮಾರ್ಗ ಉದ್ಘಾಟನೆ, 1830’ ಎಂದಷ್ಟೇ ಬರೆದಿದ್ದರೆ ಯಾರೂ ನಿಲ್ಲುತ್ತಿರಲಿಲ್ಲ. ಬಾಗಿಲು ಹೊರಕ್ಕೆ ತೆರೆದುಕೊಂಡದ್ದು ಜನರನ್ನು ನಿಲ್ಲಿಸಿತು. ಬ್ರೂನೆಲ್‌ರದಕ್ಕೆ ಇಷ್ಟು ಸಾಕು: ‘1859. ತಾವು ಕಟ್ಟಿದ ಗ್ರೇಟ್ ಈಸ್ಟರ್ನ್ ಹಡಗಿನ ಮೇಲೆ ಕುಸಿದುಬಿದ್ದ ಹತ್ತನೆಯ ದಿನ, 53ನೆಯ ವಯಸ್ಸಿನಲ್ಲಿ ಬ್ರೂನೆಲ್ ನಿಧನ. ಅವರು ರೂಪಿಸಿದ ಕ್ಲಿಫ್ಟನ್ ತೂಗುಸೇತುವೆ ಮುಗಿದದ್ದು 1864ರಲ್ಲಿ, ಅವರ ನೆನಪಿಗಾಗಿ.’

ಸಾವಿಗೆ ಬಳಸುವ ಪದ ನೋಡಿಕೊಳ್ಳಿ. ಎಲ್ಲರಿಗೂ ‘ನಿಧನ’ ಹೊಂದುವುದಿಲ್ಲ. ಕೊಲೆಯಾದವರನ್ನು ‘ನಿಧನರಾದರು’ ಎಂದರೆ ಕೊಂದವನು ಮರೆಯಾಗುತ್ತಾನೆ. ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಉಚ್ಚಾರಣೆ ಕೇಳಿ ಬರೆಯಿರಿ. ವಿಶೇಷಣಗಳನ್ನು ಕಡಿಮೆ ಮಾಡಿ: ‘ಮಹಾನ್ ಚೇತನ’ ಎನ್ನುವ ಜಾಗದಲ್ಲಿ ‘1912ರಿಂದ 1918ರವರೆಗೆ ಮೈಸೂರಿನ ದಿವಾನರು, ಖಡಕ್ವಾಸ್ಲಾ ಅಣೆಕಟ್ಟೆಗೆ ಸ್ವಯಂಚಾಲಿತ ತೂಬುಬಾಗಿಲು ರೂಪಿಸಿದವರು, 1955ರಲ್ಲಿ ಭಾರತರತ್ನ’ ಎಂದು ಬರೆದರೆ ಓದುವವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ.

ಬರೆದ ಮೇಲೆ

ಹಲಗೆಯ ಫೋಟೊ ತೆಗೆದು ಕಾರ್ಡ್‌ಗಳ ಜೊತೆ ಇಡಿ. ಮುಂದಿನ ವರ್ಷ ಅದೇ ಐದನ್ನು ಮತ್ತೆ ಬರೆಯದಿರಲು ಇದು ನೆರವಾಗುತ್ತದೆ. ಫೆಬ್ರವರಿ 29ಕ್ಕೂ ಒಂದು ವಿಭಾಗ ಮರೆಯಬೇಡಿ. 1896ರಲ್ಲಿ ಮೊರಾರ್ಜಿ ದೇಸಾಯಿ, 1904ರಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಹುಟ್ಟಿದ್ದು ಆ ದಿನವೇ. ಅವರ ಕಾರ್ಡ್‌ಗಳು ನಾಲ್ಕು ವರ್ಷ ಕಾಯುತ್ತವೆ.

ಹಲಗೆಯ ಕೆಳಗೆ ಒಂದು ಗೇಣು ಖಾಲಿ ಬಿಟ್ಟು, ಪಕ್ಕದಲ್ಲಿ ಒಂದು ತುಂಡು ಸೀಮೆಸುಣ್ಣ ಇಡಿ. ತಪ್ಪು ಕಂಡವರು ಅಲ್ಲಿ ಬರೆಯಲಿ. ವಿಶ್ವೇಶ್ವರಯ್ಯನವರ ಕಾರ್ಡಿನ ಹಿಂಬದಿಯಲ್ಲಿ ಸಾಕ್ಷಿಯ ಜಾಗದಲ್ಲಿ ನಾನು ಮೊದಲು ಬರೆದದ್ದು ಆ ಹುಡುಗಿಯ ಪ್ರಶ್ನೆಯನ್ನು. ವರ್ಷದ ಜಾಗ ಇನ್ನೂ ಪೆನ್ಸಿಲಿನಲ್ಲೇ ಇದೆ.